ಅಯ್ನೋರು ನೋಡಿದ ಸಿನಿಮಾ

ಮಧುಗಿರಿಯ ನಾಗಲಿಂಗಯ್ಯನವರಿಗೆ ಸಿನಿಮಾ ಹುಚ್ಚು. ಬರೀ ನೋಡುವ ಹುಚ್ಚಾಗಿದ್ದರೆ ತಾಪತ್ರಯವಿರಲಿಲ್ಲ. ನೋಡಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಹೆಂಡತಿ ರಾಜಲಕ್ಷ್ಮಮ್ಮ ಇದ್ದಾಗ ಟೀವಿಯ ಮುಂದೆ ಇಬ್ಬರಿಗೂ ಜಗಳವೇ ಜಗಳ. ಇವರು ಹೀರೋ ಪರ, ಆಕೆ ವಿಲನ್ ಪರ. ಆಕೆ ತೀರಿಕೊಂಡ ಮೇಲೆ ಜಗಳವಾಡಲು ಜನವಿಲ್ಲ. ಫೋನಿನಲ್ಲಿ ವಿಮರ್ಶೆ ಹೇಳುವ ಹುಡುಗರ ಮಾತನ್ನು ಇವರು ಕೇಳಿಸಿಕೊಳ್ಳುತ್ತಾರೆ ನಿಜ, ಆದರೆ ಫೋನು ಇವರ ಮಾತು ಕೇಳಬೇಕಲ್ಲ!

ಊರಲ್ಲಿ ಜನಕ್ಕೇನು ಬರವೇ? ಆದರೆ ನಾಗಲಿಂಗಯ್ಯ ಜಂಗಮರು, ಊರಿಗೆಲ್ಲ ಅಯ್ನೋರು. ಗೃಹಪ್ರವೇಶ, ನಾಮಕರಣ, ಸಾವು, ಎಲ್ಲಕ್ಕೂ ಅವರೇ ಬರಬೇಕು. ಅವರನ್ನು ಕಂಡರೆ ಹರಟುತ್ತಿದ್ದವರು ಬಾಯಿ ಮುಚ್ಚಿಕೊಂಡು ಎದ್ದು ನಿಲ್ಲುತ್ತಾರೆ. ಯಾವ ದಿನ ಚೆನ್ನಾಗಿದೆ ಎಂದು ಎಲ್ಲರೂ ಕೇಳುತ್ತಾರೆ. ಯಾವ ಪಿಚ್ಚರ್ ಚೆನ್ನಾಗಿದೆ ಎಂದು ಕೇಳಿದವರು ಈವರೆಗೆ ಒಬ್ಬರೂ ಇಲ್ಲ.

ಮೊನ್ನೆ ಮಂಗಳವಾರ ಶಿರಾಕ್ಕೆ ಹೋಗಿ ಮ್ಯಾಟ್ನಿ ನೋಡಿದರು. ಲಾರಿ ಡ್ರೈವರನ ಮಗ ರೌಡಿಯಾಗುವ ಕಥೆ. ಬರೀ ಮಚ್ಚು, ರಕ್ತ, ಸ್ಲೋಮೋಷನ್. ಹೀರೋಯಿನ್ ಎರಡು ಹಾಡಿಗೆ ಕುಣಿದವಳು ಇಂಟರ್‌ವಲ್ ಆದಮೇಲೆ ಪತ್ತೆಯೇ ಇಲ್ಲ. ಆದರೆ ಕೊನೆಯಲ್ಲಿ ಒಂದು ಸೀನು. ಮಗ ಸತ್ತನೆಂದು ತಿಳಿದ ಅಪ್ಪ ಅಳಲಿಲ್ಲ. ಆಸ್ಪತ್ರೆಯ ಹೊರಗೆ ಕೂತು, ಕೈಯಲ್ಲಿದ್ದ ಬನ್ನನ್ನು ತಿಂದು ಮುಗಿಸಿದ. ಎಷ್ಟೋ ಸಾವಿನ ಮನೆ ಕಂಡಿದ್ದ ನಾಗಲಿಂಗಯ್ಯನವರಿಗೆ ಆ ಸೀನು ನಿಜವೆನ್ನಿಸಿತು. ಅಂಥ ಕಡೆ ಪಿಟೀಲು ಕುಯ್ದು ಕೆಡಿಸಿದ ಪುಣ್ಯಾತ್ಮ ಯಾರೆಂದು ಸಿಟ್ಟೂ ಬಂತು. ಬಸ್ಸಿನಲ್ಲಿ ಪಕ್ಕದವನಿಗಾದರೂ ಹೇಳೋಣವೆಂದರೆ ಅವನು ಗೊರಕೆ ಹೊಡೆಯುತ್ತಿದ್ದ. ಇಷ್ಟು ಜನರ ನಡುವೆ ತಾನೊಬ್ಬನೇ ಅನ್ನಿಸಿ ಅವರಿಗೆ ಅಳುವೇ ಬಂದಂತಾಯಿತು.

ಮಾರನೆಯ ಬೆಳಿಗ್ಗೆ ಹಾಲೇಶನ ಟೀ ಅಂಗಡಿಗೆ ಹೋದರೆ ಅಲ್ಲಿ ಅದೇ ಸಿನಿಮಾದ ಮಾತು. ಇವರು ಬಂದದ್ದನ್ನು ಯಾರೂ ನೋಡಲಿಲ್ಲ.

"ಆ ಮುದುಕುಂದು ಸೀನು ಬೋರು ಕಣ್ಲಾ. ಮಗ ಸತ್ರೆ ಯಾವನ್ಲಾ ಬನ್ ತಿಂತಾನೆ?" ಎನ್ನುತ್ತಿದ್ದ ಆಟೋ ಓಡಿಸುವ ನವೀನ್‌ಕುಮಾರ್.

ಅಯ್ನೋರಿಗೆ ತಡೆಯಲಾಗಲಿಲ್ಲ. "ತಿಂತಾನೆ ಕಣಪ್ಪಾ! ಇಡೀ ಪಿಚ್ಚರ್ ನಿಂತಿರೋದೇ ಆ ಒಂದು ಸೀನಿನ ಮೇಲೆ. ನಿನ್ನೆ ನಾನೇ ನೋಡ್ಕೊಂಡ್ ಬಂದೆ."

ನವೀನ್‌ಕುಮಾರ್ ಕಾಲ ಮೇಲಿನ ಕಾಲು ತೆಗೆದ.

"ಅಯ್ನೋರು ತಮಾಸೆ ಮಾಡ್ತಾವ್ರೆ," ಎಂದು ಹಾಲೇಶ ನಕ್ಕ.

"ತಮಾಷೆ ಅಲ್ಲಪ್ಪ. ನವೀನಾ, ಅದ್ಯಾಕೆ ಬೋರು? ಹೇಳು, ನನ್ನತ್ರ ವಾದ ಮಾಡು."

"ಅಯ್ಯೋ ಬುದ್ಧಿ, ನಿಮ್ಮೆದುರ್ಗೆ ನಾನೇನ್ ವಾದ ಮಾಡ್ಲಿ? ನೀವಂದ್ಮ್ಯಾಕೆ ಮುಗೀತು. ಸೀನು ಚೆನ್ನಾಗೈತೆ ಬುಡಿ."

ಚೆನ್ನಾಗೈತೆ, ಚೆನ್ನಾಗೈತೆ ಎಂದು ಉಳಿದವರೂ ತಲೆಯಾಡಿಸಿದರು. ಹಾಲೇಶ ಟವೆಲ್ಲಿನಿಂದ ಬೆಂಚು ಒರೆಸಿದ. ಕೂತಿದ್ದವರೆಲ್ಲ ಎದ್ದು ಜಾಗ ಬಿಟ್ಟು, ಲೋಟ ಹಿಡಿದುಕೊಂಡು ರಸ್ತೆಯ ಕಡೆಗೆ ಸರಿದರು. ಅಷ್ಟುದ್ದದ ಬೆಂಚಿನ ಮೇಲೆ ನಾಗಲಿಂಗಯ್ಯ ಒಬ್ಬರೇ ಕೂತು ಟೀ ಕುಡಿದರು.