ಪಂಚೆಗಳ ನಡುವೆ ಕೊಳ್ಳಿ

ಡಿಸೆಂಬರ್ ಹತ್ತೊಂಬತ್ತರ ಬೆಳಿಗ್ಗೆ ನನ್ನ ಗಂಡನ ಬೀರುವಿನಲ್ಲಿ, ಇಸ್ತ್ರಿ ಮಾಡಿಟ್ಟ ಪಂಚೆಗಳ ನಡುವೆ, ನನಗೊಂದು ಸುಟ್ಟ ಕೊಳ್ಳಿ ಸಿಕ್ಕಿತು. ಗೇಣುದ್ದದ ಕಟ್ಟಿಗೆ. ಒಂದು ತುದಿ ಪೂರ್ತಿ ಇದ್ದಿಲು, ಇನ್ನೊಂದು ತುದಿಗೆ ಹಸಿರು ದಾರ ಸುತ್ತಿತ್ತು. ಅದನ್ನು ಇಟ್ಟಿದ್ದು ಬೇರೆ ಯಾವುದರಲ್ಲೂ ಅಲ್ಲ, ನನ್ನದೇ ಹಳೆಯ ರೇಷ್ಮೆ ರವಿಕೆ ಬಟ್ಟೆಯಲ್ಲಿ. ಮರದ ಮೇಲೆ ಚಾಕುವಿನಿಂದ ಏನೋ ಕನ್ನಡ ಅಕ್ಷರ ಕೆತ್ತಿತ್ತು. ನಾನು ಓದಲಿಲ್ಲ. ಕನ್ನಡಕ ಅಡುಗೆಮನೆಯಲ್ಲಿತ್ತು, ಮೂಗಿನ ಮೇಲಿದ್ದಿದ್ದರೂ ಓದುತ್ತಿರಲಿಲ್ಲ. ಅರೆಸುಟ್ಟ ಕಟ್ಟಿಗೆ, ದಾರ, ಅಕ್ಷರ. ನಂಜನಗೂಡಿನಲ್ಲಿ ಹುಟ್ಟಿ ಬೆಳೆದವಳಿಗೆ ಇದೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸ್ಮಶಾನದ ಕೊಳ್ಳಿ, ಯಾರೋ ಮಾಟ ಮಾಡಿಸಿದ್ದಾರೆ.

ನನ್ನ ಗಂಡ ಶ್ರೀನಿವಾಸ್ ಎಂಥ ಮನುಷ್ಯ ಎಂದು ಹೇಳಿದರೆ ನನ್ನ ಗಾಬರಿ ನಿಮಗೆ ಅರ್ಥವಾದೀತು. ಮೈಸೂರಿನಿಂದ ನೈರೋಬಿಗೆ ಬಂದು ಪಾರ್ಕ್‌ಲ್ಯಾಂಡ್ಸ್‌ನ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದರು. ನಿವೃತ್ತರಾಗಿ ಏಳು ವರ್ಷವಾದರೂ ನಮ್ಮ ಹೈರಿಡ್ಜ್ ಫ್ಲ್ಯಾಟಿನಲ್ಲಿ ಏಳೂವರೆಗೆ ತಿಂಡಿ ಎಂದರೆ ಏಳೂವರೆಗೇ. ಏಕಾದಶಿ ಉಪವಾಸ ತಪ್ಪಿಸಿದವರಲ್ಲ, ಮಾವನವರ ಶ್ರಾದ್ಧ ತಪ್ಪಿಸಿದವರಲ್ಲ. ಊರಿಂದ ತರಿಸಿದ ಪಂಚಾಂಗದ ಸೂರ್ಯೋದಯ ಇಲ್ಲಿಗೆ ಹೊಂದುವುದಿಲ್ಲ ಎಂದು ಪ್ರತಿ ಯುಗಾದಿಗೆ ಕೂತು, ಪೆನ್ಸಿಲ್ ಹಿಡಿದು, ಇಡೀ ವರ್ಷದ ತಿಥಿ ತಿದ್ದುತ್ತಾರೆ. ಮಾತು ಮಾತ್ರ ಅಳೆದು ಸುರಿದು. ಇಷ್ಟು ವರ್ಷದ ಸಂಸಾರದಲ್ಲಿ ನನಗೊಂದು ಸುಳ್ಳು ಹೇಳಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಇಂಥವರ ಮಡಿಪಂಚೆಯ ನಡುವೆ ಕೊಳ್ಳಿ. ಅವರು ಸಿಟಿ ಪಾರ್ಕ್‌ಗೆ ವಾಕಿಂಗ್ ಹೋಗಿದ್ದರು. ನಾನು ಅದನ್ನು ಪೇಪರಿನಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿಕೊಂಡು ಸೀದಾ ಗೇಟಿಗೆ ಇಳಿದೆ. ಅಲ್ಲಿ ನಮ್ಮ ಗಾರ್ಡ್ ಮುಸ್ಯೋಕಾ ಇದ್ದಿಲೊಲೆಯ ಮೇಲೆ ಚಹಾ ಕಾಯಿಸುತ್ತಿದ್ದ. ಇದನ್ನು ನನ್ನ ಕಣ್ಣೆದುರಿಗೇ ಸುಡು ಎಂದೆ. ಅವನು ನನ್ನ ಮುಖ ನೋಡಿ, "ಸವಾ, ಮಾಮಾ", ಆಯ್ತಮ್ಮ ಎಂದು ಒಲೆಗೆ ತುರುಕಿದ. ಒಣಗಿದ ಮರ, ಚೆನ್ನಾಗಿ ಉರಿಯಿತು. ಬೂದಿಯಾಗುವವರೆಗೆ ಅಲ್ಲೇ ನಿಂತಿದ್ದು, ಮೇಲೆ ಬಂದು ತಲೆಗೆ ನೀರು ಹಾಕಿಕೊಂಡೆ. ಗಂಡನಿಗೆ ಹೇಳಲಿಲ್ಲ. ಪಾಪದ ಮನುಷ್ಯ, ಹೆದರಿಕೊಂಡಾರು ಅಂತ.

ಮಾರನೆಯ ಸಂಜೆ ಚಹಾ ಹಿಡಿದು ಕೋಣೆಗೆ ಹೋದರೆ ಪಂಚೆಗಳೆಲ್ಲ ನೆಲದ ಮೇಲೆ. ಕರವಸ್ತ್ರವನ್ನೂ ನಾಲ್ಕು ಮೂಲೆ ಕೂಡಿಸಿ ಮಡಿಸುವ ಮನುಷ್ಯ ಬೀರುವಿನೊಳಗೆ ತಲೆ ತೂರಿಸಿ ನಿಂತಿದ್ದರು. ಏನು ಹುಡುಕುತ್ತಿದ್ದೀರಿ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ, ನನಗೆ ತಿಳಿದುಹೋಯಿತು. ಸುಡಿಸಿದೆ ಎಂದೆ. ಅವರು ಆ ಪಂಚೆಗಳ ಮೇಲೆಯೇ ಕುಸಿದು ಕೂತರು.

"ಪೂರ್ತಿ ಸುಟ್ಟುಹೋಯ್ತಾ, ಲೀಲಾ? ಚೂರೂ ಉಳಿದಿಲ್ವಾ?"

ಗದರಲಿಲ್ಲ, ಅಷ್ಟೇ ಕೇಳಿದ್ದು. ಅದು ಯಾರದು, ಯಾಕೆ ತಂದಿರಿ ಎಂದು ನಾನು ಬಿಡದೆ ಕೆದಕಿದ ಮೇಲೆ ಹೆಲನ್ ಹೆಸರು ಬಂತು. ಹೆಲನ್ ಅವರದೇ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಬಿಳಿ ಹೆಂಗಸು. ಈಗ ಎಂಬತ್ತರ ಹತ್ತಿರ, ಮುಥೈಗಾದಲ್ಲಿ ಅವಳ ಅಮ್ಮನ ಕಾಲದ ಮನೆಯಲ್ಲಿದ್ದಾಳೆ. ಪ್ರತಿ ಡಿಸೆಂಬರ್ ಇಪ್ಪತ್ತೊಂದರ ಬೆಳಗಿನ ಜಾವ ಆ ಮನೆಯ ತೋಟದಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರಂತೆ. ಅವಳ ಹಿರಿಯರ ನಾಡಿನಲ್ಲಿ ಚರ್ಚು ಬರುವುದಕ್ಕೂ ಮುಂಚಿನ ಹಬ್ಬ, ಯೂಲ್ ಅಂತ ಹೆಸರು. ಅಲ್ಲಿ ಅದು ವರ್ಷದ ಅತಿ ಉದ್ದದ ರಾತ್ರಿ. ಅದು ಕಳೆದು ಸೂರ್ಯ ಕೂಸಾಗಿ ಮತ್ತೆ ಹುಟ್ಟುತ್ತಾನೆ ಎಂದು ದೊಡ್ಡ ಕೊರಡಿಗೆ ಬೆಂಕಿ ಹಚ್ಚುತ್ತಾರೆ. ಕೊರಡು ಪೂರ್ತಿ ಉರಿಯಲು ಬಿಡುವುದಿಲ್ಲ. ಒಂದು ತುಂಡು ಉಳಿಸಿ, ಒಬ್ಬರ ಮನೆಯಲ್ಲಿ ವರ್ಷವಿಡೀ ಕಾಪಾಡಿ, ಮುಂದಿನ ವರ್ಷದ ಬೆಂಕಿಯನ್ನು ಅದರಿಂದಲೇ ಹೊತ್ತಿಸುತ್ತಾರೆ. ಅವಳ ಅಮ್ಮನ ಕಾಲದಿಂದ ಒಂದು ವರ್ಷವೂ ಆ ಕೊಂಡಿ ತಪ್ಪಿಲ್ಲವಂತೆ. ಈ ವರ್ಷ ಕಾಪಾಡುವ ಪಾಳಿ ಇವರದು.

ಎಷ್ಟು ವರ್ಷದಿಂದ ಹೋಗುತ್ತಿದ್ದೀರಿ ಎಂದು ಕೇಳಿದೆ. ಹತ್ತೊಂಬತ್ತು ಎಂದರು. ಹತ್ತೊಂಬತ್ತು ಡಿಸೆಂಬರ್, ಸಿಟಿ ಪಾರ್ಕ್ ಎಂದು ಹೇಳಿ ಹೋದದ್ದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆ ಹೆಲನ್ ಕಳಿಸುತ್ತಿದ್ದ ಕೇಕಿನ ತಟ್ಟೆಯನ್ನು ನಾನು ವರ್ಷ ವರ್ಷ ತೊಳೆದು, ಚಕ್ಕುಲಿ ತುಂಬಿಸಿ ಹಿಂದಿರುಗಿಸಿದ್ದೇನೆ, ನೋಡಿ ನನ್ನ ಕರ್ಮ.

ಆಮೇಲೆ ನನ್ನ ಬಾಯಿಗೆ ಕಡಿವಾಣವಿರಲಿಲ್ಲ. ಸಂಧ್ಯಾವಂದನೆ ಮಾಡುವವರಿಗೆ ಇದೆಂಥ ವೇಷ ಎಂದೆ. ಆ ಹೆಂಗಸಿಗೂ ನಿಮಗೂ ಏನು ಸಂಬಂಧ ಎಂದೂ ಕೇಳಿಬಿಟ್ಟೆ, ಮುಚ್ಚಿಡುವುದೇಕೆ. ಉದ್ದದ ರಾತ್ರಿಯಂತೆ, ಈ ಊರಿನಲ್ಲಿ ವರ್ಷಪೂರ್ತಿ ಆರೂವರೆಗೆ ಬೆಳಕು, ಆರೂವರೆಗೆ ಕತ್ತಲೆ, ಭೂಗೋಳದ ಮೇಷ್ಟ್ರಿಗೆ ಅಷ್ಟೂ ಗೊತ್ತಿಲ್ಲವೇ ಎಂದು ಹಂಗಿಸಿದೆ. ಅದಕ್ಕೆ ಮಾತ್ರ ಉತ್ತರ ಬಂತು. ರಾತ್ರಿ ಇಲ್ಲಿ ಉದ್ದವಾಗದಿದ್ದರೂ ಸೂರ್ಯ ಉತ್ತರಕ್ಕೆ ತಿರುಗುವುದು ಭೂಮಿಗೆಲ್ಲ ಅದೇ ದಿನ, ನಾವು ಸಂಕ್ರಾಂತಿಗೆ ಎಳ್ಳು ಬೀರುವ ಹೊತ್ತಿಗೆ ಅವನು ತಿರುಗಿ ಮೂರು ವಾರ ದಾಟಿರುತ್ತದೆ ಎಂದರು. ನಾಳೆ ನಾನೂ ಬರುತ್ತೇನೆ, ಅದೇನು ಕುಣಿಯುತ್ತೀರೋ ನೋಡುತ್ತೇನೆ ಎಂದೆ. ಅವರು, ಸ್ವೆಟರ್ ಹಾಕ್ಕೋ, ಚಳಿ ಇರುತ್ತೆ ಎಂದರು.

ಬೆಳಿಗ್ಗೆ ಐದೂವರೆಗೆ ಹೋದೆವು. ಕುಣಿತವೂ ಇಲ್ಲ, ಮಂತ್ರವೂ ಇಲ್ಲ. ನಸುಗತ್ತಲಲ್ಲಿ ಜನ ಕಂಬಳಿ ಹೊದ್ದು ಸುಮ್ಮನೆ ನಿಂತಿದ್ದರು, ಹುಲ್ಲಿನ ಮೇಲೊಂದು ಲಾಟೀನು. ನಡುವೆ ಸೈಪ್ರೆಸ್ ಮರದ ಕೊರಡು, ಸುತ್ತ ಹಸಿರು ಸೊಪ್ಪು. ಹೆಲನ್ ಕೋಲೂರಿಕೊಂಡು ಬಂದು ನನ್ನ ಗಂಡನ ಮುಂದೆ ಎರಡೂ ಕೈ ಚಾಚಿದಳು, ಕೊಳ್ಳಿಗಾಗಿ.

ಇವರು ಇಂಗ್ಲಿಷಿನಲ್ಲಿ, ನಾನೇ ಎಲ್ಲೋ ಕಳೆದುಬಿಟ್ಟೆ, ಕ್ಷಮಿಸಿ ಎಂದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ಸುಳ್ಳೆಂದು ಗೊತ್ತಿದ್ದೇ ಅವರ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು, ಅದೂ ನನ್ನನ್ನು ಉಳಿಸಲು. ಮುದುಕಿಯ ಚಾಚಿದ ಕೈ ಹಾಗೇ ನಿಂತುಹೋಯಿತು. ಆಮೇಲೆ ಅವಳು ಇವರ ತೋಳು ತಟ್ಟಿ, ಬೆಂಕಿಕಡ್ಡಿ ಇದೆಯಲ್ಲ ಎಂದಳು. ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು.

ಬೆಂಕಿ ಹಚ್ಚುವ ಮೊದಲು ಒಬ್ಬೊಬ್ಬರೇ ಕೊರಡಿನ ಬಳಿ ಮಂಡಿಯೂರಿ, ತೀರಿಕೊಂಡ ತಮ್ಮವರ ಹೆಸರನ್ನು ಗಟ್ಟಿಯಾಗಿ ಹೇಳಿ, ಚಾಕುವಿನಿಂದ ಮರದ ಮೇಲೆ ಕೆತ್ತಿದರು. ಕತ್ತಲೆಯಲ್ಲಿ ಇರುವವರನ್ನು ಸೂರ್ಯನ ಜೊತೆ ಬೆಳಕಿಗೆ ಕರೆಯುವುದಂತೆ. ಇವರ ಸರದಿ ಬಂತು. ಮಾವನವರ ಹೆಸರು ಹೇಳುತ್ತಾರೆ ಎಂದುಕೊಂಡೆ. ಇವರು ಒಮ್ಮೆ ನನ್ನ ಕಡೆ ನೋಡಿದರು, ಅಪ್ಪಣೆ ಕೇಳುವವರ ಹಾಗೆ. ನಂತರ ನನಗೆ ಬೆನ್ನು ಮಾಡಿ ಕೂತು ಹೇಳಿದರು.

"ಕಪಿಲಾ."

ಆ ಹೆಸರು ಈ ಭೂಮಿಯ ಮೇಲೆ ನಮ್ಮಿಬ್ಬರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ. ಮೂವತ್ತೈದು ವರ್ಷದ ಹಿಂದೆ, ಇದೇ ನೈರೋಬಿಯ ಆಸ್ಪತ್ರೆಯಲ್ಲಿ, ನಾನು ಅವರ ಕಿವಿಯಲ್ಲಿ ಹೇಳಿದ್ದು. ನಂಜನಗೂಡಿನ ನಮ್ಮ ಹೊಳೆಯ ಹೆಸರು. ಹನ್ನೊಂದನೇ ದಿನ ನಾಮಕರಣ ಎಂದಿದ್ದೆವು, ಮಗು ಒಂಬತ್ತನೇ ದಿನ ಹೋಯಿತು. ಹಲ್ಲು ಬಾರದ ಕೂಸಿಗೆ ಸಂಸ್ಕಾರವಿಲ್ಲ, ಶ್ರಾದ್ಧವಿಲ್ಲ, ತರ್ಪಣವಿಲ್ಲ ಎಂದರು ಪುರೋಹಿತರು. ಇವರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದರು, ನಾನು ಅದನ್ನೂ ನೋಡಲಿಲ್ಲ. ಮರಳಿ ಬಂದ ಇವರಿಗೆ ನಾನು ಒಂದೇ ಮಾತು ಹೇಳಿದೆ: ಇನ್ನು ಯಾವತ್ತೂ ಆ ಹೆಸರು ನನ್ನ ಮುಂದೆ ಎತ್ತಬೇಡಿ. ಎತ್ತಲಿಲ್ಲ. ಎರಡು ವರ್ಷಕ್ಕೆ ಮಗ ಶಮಂತ್ ಹುಟ್ಟಿದ, ಅವನಿಗೊಬ್ಬ ಅಕ್ಕ ಇದ್ದಳೆಂದು ಇವತ್ತಿಗೂ ಗೊತ್ತಿಲ್ಲ. ಎಲ್ಲರಿಗೂ ಎಳ್ಳುನೀರು ಬಿಡುವ ಮನುಷ್ಯನಿಗೆ, ಹೆತ್ತ ಮಗಳ ಹೆಸರು ಹೇಳಲು ನಮ್ಮ ಧರ್ಮದಲ್ಲಿ ಒಂದು ದಿನವಿರಲಿಲ್ಲ, ನಮ್ಮ ಮನೆಯಲ್ಲಿ ನಾನು ಬಿಟ್ಟಿರಲಿಲ್ಲ.

ಆಗ ನನಗೆ ಆ ಕೊಳ್ಳಿಯ ಅಕ್ಷರ ನೆನಪಾಯಿತು. ಮೂರು ಅಕ್ಷರ. ಹೋದ ವರ್ಷ ಇವರು ಕೈಯಾರೆ ಕೆತ್ತಿದ್ದು, ನನ್ನ ರೇಷ್ಮೆಯಲ್ಲಿ ಸುತ್ತಿ ವರ್ಷವಿಡೀ ಕಾಪಾಡಿದ್ದು. ಕಪಿಲಾ ಒಂದು ವರ್ಷ ನನ್ನ ಮನೆಯಲ್ಲಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ, ನಿಂತು, ಬೂದಿ ಮಾಡಿಸಿ, ತಲೆಗೆ ಸ್ನಾನ ಮಾಡಿದೆ. ಕೋಪದ ಕೈಗೆ ಬುದ್ಧಿ ಕೊಡಬೇಡ ಎಂದು ನನ್ನಮ್ಮ ಸಾವಿರ ಸಲ ಹೇಳಿದ್ದಳು, ನಾನು ಭಯದ ಕೈಗೆ ಕೊಟ್ಟಿದ್ದೆ. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಹೆಲನ್ ನೀರು ತರಿಸಲು ಹೋದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಇವರು ಕಳೆದಿಲ್ಲ, ಸುಟ್ಟವಳು ನಾನು ಎಂದೆ. ಅವಳು ನನ್ನ ಕೈ ಒತ್ತಿದಳು. ಇವರು ಎರಡನೆಯ ಅಕ್ಷರಕ್ಕೆ ಚಾಕು ಇಟ್ಟಿದ್ದರು. ನಾನು ಮಂಡಿಯ ಮೇಲೆಯೇ ಹತ್ತಿರ ಸರಿದು ಕೈ ಚಾಚಿದೆ.

"ನನಗೆ ಕೊಡಿ. ನಾನು ಬರೀತೀನಿ."

ಅವರು ಕೊರಡು ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಹಸಿ ಮರದ ಮೇಲೆ ಗುಂಡು ಅಕ್ಷರ ಕೆತ್ತುವುದು ಸುಲಭವಲ್ಲ, 'ಪಿ' ಎರಡು ಸಲ ಜಾರಿತು. ಮುಗಿಯುವ ಹೊತ್ತಿಗೆ ಮುಥೈಗಾದ ಮರಗಳ ಹಿಂದೆ ಬೆಳಕು ಬಂದಿತ್ತು, ಎಲ್ಲರೂ ನನಗಾಗಿ ಕಾದಿದ್ದರು. ನಾನು ಸ್ವೆಟರಿನ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಗಟ್ಟಿಯಾಗಿ, ಅವಳ ಹೆಸರನ್ನು ಓದಿದೆ.