ಘಾಟು ಬಾರದ ಮೆಣಸಿನಕಾಯಿ

ಮೊನ್ನೆ ಮೊಮ್ಮಗಳ ಮೈ ಬಿಸಿಯಾಗಿತ್ತು. ಸೊಸೆ ನನ್ನ ಬಾಲ್ಕನಿಯ ಕುಂಡದಲ್ಲಿ ಬೆಳೆದ ನಾಲ್ಕು ಒಣ ಮೆಣಸಿನಕಾಯಿ, ಚಿಟಿಕೆ ಉಪ್ಪು ಹಿಡಿದು ಮಗುವಿಗೆ ನಿವಾಳಿಸಿ ಗ್ಯಾಸಿನ ಉರಿಗೆ ಹಾಕಿದಳು. ಎಂಥಾ ಘಾಟು! ಮನೆಮಂದಿಯೆಲ್ಲ ಕೆಮ್ಮಿದ್ದೇ ಕೆಮ್ಮಿದ್ದು. "ಘಾಟ ಬಂತಲ್ಲ, ದೃಷ್ಟಿ ಏನೂ ತಾಗಿಲ್ಲ ಬಿಡವ್ವಾ," ಎಂದು ಮಗ ನಕ್ಕ. ನನಗೆ ನಗು ಬರಲಿಲ್ಲ. ಅವನು ತೊಟ್ಟಿಲಲ್ಲಿದ್ದಾಗ ಇದೇ ಶಾಸ್ತ್ರ ಒಬ್ಬಳನ್ನು ನಮ್ಮ ಹೊಸ್ತಿಲಿಂದ ಆಚೆ ಹಾಕಿತ್ತು. ಶಾಸ್ತ್ರವೋ, ನಾನೋ...

ಆಗ ಇಚಲಕರಂಜಿಯಲ್ಲಿ, ಮಗ್ಗದ ಶೆಡ್ಡುಗಳ ಹಿಂದಿನ ಚಾಳಿನಲ್ಲಿ ನಮ್ಮ ಸಂಸಾರ. ಮಗ್ಗುಲ ಖೋಲಿಯಲ್ಲಿ ಅವಳಿದ್ದಳು, ಚಾಳಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ. ಗಂಡನಿಲ್ಲ, ಮಕ್ಕಳಿಲ್ಲ. ಹಗಲೆಲ್ಲ ಶೆಡ್ಡಿನಲ್ಲಿ ಲಾಳಿಗೆ ಹಾಕುವ ನೂಲಿನ ಕಾಂಡಿ ಸುತ್ತಿ ಬರುವಳು. ಸಂಜೆ ಕೈಕಾಲು ತೊಳೆದು ನೇರ ನಮ್ಮ ತೊಟ್ಟಿಲಿಗೆ ಬರುವಳು, ಆಮೇಲೆ ಮಾಳಿಗೆ ಹತ್ತಿ ಎಣ್ಣೆ ಡಬ್ಬಗಳಲ್ಲಿ ಹಚ್ಚಿದ್ದ ಮೆಣಸಿನ ಗಿಡಗಳಿಗೆ ನೀರು ಹಾಕುವಳು.

ನಮ್ಮತ್ತೆಯ ಅಡಿಗೆ ಅಂದರೆ ಬೆಂಕಿ. ನನಗೆ ಬಾಯಿತುಂಬ ಹುಣ್ಣು. ಹೇಳಿಕೊಂಡರೆ ನಾಜೂಕಿನವಳು ಎಂಬ ಮೂದಲಿಕೆ. ಮಾವಶಿ ಅದನ್ನು ಹೇಗೆ ಕಂಡಳೋ, ಗಡಹಿಂಗ್ಲಜ ಕಡೆಯ ಅಣ್ಣನ ಮನೆಯಿಂದ ಖಾರವಿಲ್ಲದ ಜಾತಿಯ ಬೀಜ ತಂದು ನನಗೆಂದೇ ಒಂದು ಡಬ್ಬದಲ್ಲಿ ಹಾಕಿದಳು. ಅದನ್ನು ಮಾಳಿಗೆಯ ಆ ತುದಿಗೆ ಒಂಟಿಯಾಗಿ ಇಟ್ಟಳು. "ಖಾರದ ಗಿಡದ ಮಗ್ಗಲಿಗಿಟ್ರ ಇದರ ಬೀಜಾನೂ ಖಾರ ಆಗತೈತಿ," ಎನ್ನುತ್ತಿದ್ದಳು. ಹಣ್ಣಾದವನ್ನು ಒಣಗಿಸಿ ಸೆರಗಿನಲ್ಲಿ ಮುಚ್ಚಿ ತರುವಳು. ನೋಡಲು ಕೆಂಪು ಕೆಂಪು, ನಾಲಗೆಗೆ ಸಪ್ಪೆ. "ನಿನ್ನ ಪಲ್ಯಾಕ ಇವನ್ನ ಹಾಕ್ಕೊ. ಅತ್ತಿಗೆ ಹೇಳಬ್ಯಾಡವ್ವಾ." ನಾನು ಅವನ್ನು ಒಲೆಯ ಹಿಂದೆ ಹಳೆಯ ಚಹಾ ಡಬ್ಬಿಯಲ್ಲಿ ಅಡಗಿಸಿಡುತ್ತಿದ್ದೆ.

ಕೂಸಿಗೆ ಮೂರು ದಿನ ಜ್ವರ ಇಳಿಯಲಿಲ್ಲ. ಗಾಬರಿಯಲ್ಲಿ ಅತ್ತೆಯ ಕೈಗೆ ಸಿಕ್ಕಿದ್ದು ಅದೇ ಡಬ್ಬಿ. ಹಿಡಿತುಂಬ ತೆಗೆದು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಸುಮ್ಮನೆ ಕರಕಾದವು, ಯಾರೂ ಕೆಮ್ಮಲಿಲ್ಲ. ದೃಷ್ಟಿ ತಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮವರ ನಂಬಿಕೆ. "ಮಕ್ಕಳಿಲ್ಲದಾಕಿ ದಿನಾ ಬಂದು ತೊಟ್ಟಲಾ ನೋಡ್ತಾಳ. ಮತ್ಯಾರದು ಇದು!" ಎಂದು ಅತ್ತೆ ಕೂಗಾಡಿದರು.

ಅಷ್ಟರಲ್ಲಿ ಮಾವಶಿಯೇ ಬಾಗಿಲಿಗೆ ಬಂದಳು. ಅತ್ತೆ ಅಡ್ಡ ನಿಂತರು. "ನಿಮ್ಮ ದೃಷ್ಟಿ ತಾಗೈತಿ. ಇನ್ನ ಮ್ಯಾಲ ನಮ್ಮ ಕೂಸಿನ ಕಡೆ ಬರಬ್ಯಾಡ್ರಿ."

ಮಾವಶಿ ತೆರೆದ ಡಬ್ಬಿಯನ್ನು ನೋಡಿದಳು, ಆಮೇಲೆ ನನ್ನನ್ನು. ಅವಕ್ಕೆ ಖಾರವೇ ಇಲ್ಲ ಎಂದು ನಾನೊಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳೂ ಹೇಳಬಹುದಿತ್ತು. ಹೇಳಿದ್ದರೆ ನನ್ನ ಗುಟ್ಟು ರಟ್ಟಾಗುತ್ತಿತ್ತು, ಅದಕ್ಕೇ ಅವಳು ಹೇಳಲಿಲ್ಲ. ನಾನು ಕೂಸಿನ ಕುಲಾವಿ ಸರಿಮಾಡುತ್ತ ತಲೆ ತಗ್ಗಿಸಿದೆ. "ಆತ್ರಿ," ಎಂದು ಅವಳು ಹೊರಟುಹೋದಳು.

ಎರಡು ದಿನದಲ್ಲಿ ಸುದ್ದಿ ಚಾಳೆಲ್ಲ ಹಬ್ಬಿತು. ಅವಳು ಎದುರಾದರೆ ತಾಯಂದಿರು ಮಕ್ಕಳಿಗೆ ಸೆರಗು ಹೊದಿಸುತ್ತಿದ್ದರು. ಹೆಸರಿಡುವ ಕಾರ್ಯಕ್ಕೆ ಯಾರೂ ಕರೆಯಲಿಲ್ಲ. ವರ್ಷ ತುಂಬುವ ಮೊದಲೇ ಖೋಲಿ ಬಿಟ್ಟು ಅಣ್ಣನ ಊರಿಗೆ ಹೋದಳು. ಅಲ್ಲೇ ತೀರಿಕೊಂಡಳೆಂದು ಬಹಳ ತಡವಾಗಿ ತಿಳಿಯಿತು... ಅತ್ತೆಯ ಹೆದರಿಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅತ್ತೆ ಹೋದ ಮೇಲೂ ಬಾಯಿ ಬಿಡಲಿಲ್ಲ. ಹೆದರಿಕೆಯಲ್ಲ ಅದು, ನನ್ನ ನೀಚತನ.

ಹೋಗುವ ದಿನ ಅವಳು ಆ ಸಪ್ಪೆ ಮೆಣಸಿನ ಡಬ್ಬವನ್ನು ನನ್ನ ಬಾಗಿಲಲ್ಲಿಟ್ಟು ಹೋಗಿದ್ದಳು. ಬೀಜ ಹಿಡಿದು ಹಿಡಿದು ಇಂದಿನವರೆಗೂ ಬೆಳೆಸಿದ್ದೇನೆ. ಆದರೆ ಬಾಲ್ಕನಿ ಸಣ್ಣದೆಂದು ಖಾರದ ಗಿಡದ ಮಗ್ಗುಲಲ್ಲೇ ಇಟ್ಟೆ. ಅವಳ ಮಾತು ನೆನಪಿತ್ತು, ಲಕ್ಷ್ಯ ಕೊಡಲಿಲ್ಲ. ಮೊನ್ನೆ ಘಾಟೆದ್ದದ್ದು ಅವಳ ಗಿಡದ ಮೆಣಸಿನಕಾಯಿಯಿಂದಲೇ. ಅವಳು ನನಗಾಗಿ ಬೆಳೆಸಿದ್ದ ಸಪ್ಪೆ ಜಾತಿ ಈಗ ಎಲ್ಲಿಯೂ ಇಲ್ಲ.

"ಯಾಕವ್ವಾ, ಅಳಾಕತ್ತಿಯೇನ?" ಎಂದು ಮಗ ಕೇಳಿದ.

"ಘಾಟ ಬಡದೈತಪಾ," ಅಂದೆ.