ಅತ್ತಿಗೆಯ ಎರಡು ಬಾಗಿಲಿನ ಕಾರು

ಹೋದ ವಾರ ಸಾಗರದಲ್ಲಿ ನನ್ನ ಕಾರನ್ನು ಸರ್ವೀಸಿಗೆ ಬಿಟ್ಟು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಹಳೆಯ ಜೀಪೊಂದರ ಹಿಂದಿನ ಆಕ್ಸಲ್‌ನಿಂದ ಎಣ್ಣೆ ಇಳಿಸುತ್ತಿದ್ದರು. ಕಪ್ಪಗೆ ಮಂದವಾದ ಎಣ್ಣೆ ತಗಡಿನ ಡಬ್ಬಿಗೆ ಬೀಳುತ್ತಿದ್ದಂತೆ ಆ ವಾಸನೆ ಬಂತು. ಗಂಧಕದ್ದೋ, ಸೀದ ಬೆಳ್ಳುಳ್ಳಿಯದ್ದೋ ಎನ್ನಿಸುವ ಗೇರ್ ಆಯಿಲ್ ವಾಸನೆ. ಹುಣಸೆಹಣ್ಣು ತಿಕ್ಕಿ, ಸೀಗೆಪುಡಿ ಹಾಕಿ ತೊಳೆದರೂ ನನ್ನ ಅತ್ತಿಗೆಯ ಕೈಯಿಂದ ಹೋಗದೇ ಇದ್ದ ವಾಸನೆ...

ಅತ್ತಿಗೆ ತೀರ್ಥಹಳ್ಳಿಯವಳು. ಅವಳ ಅಪ್ಪನಿಗೆ ಅಲ್ಲಿ ಗ್ಯಾರೇಜಿತ್ತು. ಒಬ್ಬಳೇ ಮಗಳು. ಎಂಟು ವರ್ಷಕ್ಕೇ ಕಾರಿನ ಕೆಳಗೆ ನುಸುಳಿ ಅಪ್ಪ ಕೇಳಿದ ಅಳತೆಯ ಪಾನ, ಅಂದರೆ ಸ್ಪ್ಯಾನರ್, ಎತ್ತಿಕೊಡುತ್ತಿದ್ದಳಂತೆ. ಅಣ್ಣನನ್ನು ಮದುವೆಯಾಗಿ ಹೊಸನಗರದ ನಮ್ಮ ಮನೆಗೆ ಬಂದಾಗ ಅವಳ ಬಲಗೈ ಹೆಬ್ಬೆರಳಿನ ಉಗುರು ಜಾಕಿನ ಪೆಟ್ಟಿಗೆ ಕಪ್ಪಾಗಿತ್ತು. ಧಾರೆಯ ಫೋಟೋದಲ್ಲೂ ಅದು ಕಾಣುತ್ತದೆ.

ನಮ್ಮ ಮನೆಯಲ್ಲಿ ಮಾತ್ರ ಒಂದು ಸೈಕಲ್ಲೂ ಇರಲಿಲ್ಲ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಘಾಟಿಯ ತಿರುವಿನಲ್ಲಿ ವ್ಯಾನಿನ ಸಮೇತ ಕೆಳಗೆ ಹೋಗಿದ್ದರು. ಅಂದಿನಿಂದ ಅಮ್ಮ ಮನೆಗೆ ವಾಹನ ಸೇರಿಸಲಿಲ್ಲ. ಅಣ್ಣನಿಗೆ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಶಾಪು ಇತ್ತು. ಮಾಡಿದ ಗೇಟನ್ನು ಬಾಡಿಗೆ ಲಾರಿಗೆ ಹೇರಿ, ತಾನು ಬಸ್ಸಿನಲ್ಲಿ ಹೋಗುತ್ತಿದ್ದ. ಸಂಜೆ ಬಸ್ಸು ಹತ್ತು ನಿಮಿಷ ತಡವಾದರೂ ಅಮ್ಮ ಜಗಲಿಯ ಕಂಬ ಹಿಡಿದು ನಿಲ್ಲುತ್ತಿದ್ದಳು. ಅದನ್ನು ನೋಡಿದ ಯಾರೂ ಅವಳ ಮಾತು ಮೀರಲಾರರು. ಅತ್ತಿಗೆಯೂ ಮೀರಲಿಲ್ಲ. ಪಾನ ಹಿಡಿಯುತ್ತಿದ್ದ ಕೈಯಲ್ಲಿ ಸುಮ್ಮನೆ ಸೌಟು ಹಿಡಿದಳು.

ಮದುವೆಯಾದ ಎರಡನೇ ವರ್ಷ ಅವಳ ಅಪ್ಪ ತೀರಿಕೊಂಡರು. ಗ್ಯಾರೇಜು ಮುಚ್ಚಿತು. ಅವರು ಮುದ್ದಿನಿಂದ ರಿಪೇರಿ ಮಾಡಿ ಇಟ್ಟುಕೊಂಡಿದ್ದ ಎರಡು ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರೊಂದು ಉಳಿದಿತ್ತು. ಉದ್ದ ಮೂತಿಯ, ನೆಲಕ್ಕೆ ಅಂಟಿದಂತಿದ್ದ ಕೆಂಪು ಕಾರು. ಅದು ಲಾರಿಯ ಮೇಲೆ ನಮ್ಮ ಹಿತ್ತಲಿನ ಶೆಡ್ಡಿಗೆ ಬಂತು. ಅಮ್ಮ ಬಹಳ ಹೊತ್ತು ಅದನ್ನೇ ನೋಡಿದಳು.

“ನಿನ್ನ ಅಪ್ಪನ ನೆನಪು, ಬ್ಯಾಡ ಅನ್ನಾಕಾಗಲ್ಲ. ನಿಂತ್ಕಂಡಿರ್ಲಿ. ಆದ್ರೆ ಈ ಅಂಗಳ ದಾಟ್‌ಬಾರ್ದು ನೋಡು.”

“ಇಲ್ಲ ಅತ್ತೆ, ದಾಟ್ಸಲ್ಲ,” ಎಂದಳು ಅತ್ತಿಗೆ.

ಬ್ಯಾಟರಿ ಸಾಯಬಾರದೆಂದು ಶನಿವಾರಕ್ಕೊಮ್ಮೆ ಸ್ಟಾರ್ಟ್ ಮಾಡಲು ಮಾತ್ರ ಅಪ್ಪಣೆ ಸಿಕ್ಕಿತು. ಉಳಿದ ದಿನ ಅಮ್ಮ ಅದರ ಬಾನೆಟ್ಟಿನ ಮೇಲೆ ನೆರಳಿನಲ್ಲಿ ಆರಲೆಂದು ಹಪ್ಪಳ ಹರವುತ್ತಿದ್ದಳು.

ನಾನಾಗ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಫೋನಿನಲ್ಲಿ ಕಾರುಗಳು ಅಡ್ಡಡ್ಡ ಜಾರುತ್ತಾ ತಿರುವು ತೆಗೆದುಕೊಳ್ಳುವ ವಿಡಿಯೋ ನೋಡುತ್ತಿದ್ದೆ. ಅತ್ತಿಗೆ ಹೆಗಲ ಮೇಲಿಂದ ಇಣುಕಿದಳು. “ಪಾಪ, ಜಾರಿ ಹೋಯ್ತಲ್ಲ,” ಎಂದೆ. ಅವಳು ನಕ್ಕಳು. “ಜಾರಿದ್ದಲ್ಲ ಮಾರಾಯ್ತಿ, ಜಾರ್ಸಿದ್ದು. ಹಿಂದಿನ ಗಾಲಿ ಬಿಟ್ಟುಕೊಡ್ತಾರೆ, ಮುಂದಿನ ಗಾಲಿ ಹಿಡ್ಕಳ್ತಾರೆ. ನಮ್ಮ ಕಾರೂ ಮಾಡ್ತದೆ. ಎಂಜಿನ್ ಮುಂದಿದೆ, ಎಳೆಯೋದು ಹಿಂದಿನ ಗಾಲಿ. ಆದ್ರೆ ಅದ್ನ ಅದಕ್ಕೆ ಅಂತ ಸಜ್ಜು ಮಾಡ್ಬೇಕು.”

ಅಮ್ಮ ಮಲಗುವ, ಅಣ್ಣ ಶಾಪಿನಲ್ಲಿರುವ ಮಧ್ಯಾಹ್ನದ ಎರಡು ಗಂಟೆ ಹೊತ್ತು ನಮ್ಮದಾಯಿತು. ಹಿಂದಿನ ಸೀಟು ಕಳಚಿ ಭಾರ ಇಳಿಸಿದೆವು. ಹಿಂಭಾಗ ಕುಗ್ಗದೆ ಬಿಗಿಯಾಗಿರಲೆಂದು ಹಿಂದಿನ ಸ್ಪ್ರಿಂಗಿನ ಪ್ಲೇಟ್ ಕಟ್ಟಿಗೆ ಇನ್ನೆರಡು ಪ್ಲೇಟು ಸೇರಿಸಿದಳು. ಮುಂದಿನ ಚಕ್ರ ಇನ್ನಷ್ಟು ಓರೆಯಾಗುವಂತೆ ಸ್ಟೇರಿಂಗಿನ ತೋಳುಗಳನ್ನು ಗಿಡ್ಡ ಮಾಡಿದಳು. ಹ್ಯಾಂಡ್‌ಬ್ರೇಕಿಗೆ ಮೊಣಕೈ ಉದ್ದದ ಕಬ್ಬಿಣದ ಹಿಡಿ ಬಂತು. ಒಳ್ಳೆಯ ಟೈರು ಮುಂದಕ್ಕೆ, ಸವೆದದ್ದು ಹಿಂದಕ್ಕೆ. ಕಾರಿನ ಕೆಳಗಿನಿಂದ ಬರುತ್ತಿದ್ದ ಅವಳ ದನಿ ಅಡುಗೆಮನೆಯಲ್ಲಿ ಕೇಳುತ್ತಿದ್ದ ದನಿಯಾಗಿರಲಿಲ್ಲ. “ಹದಿನಾಲ್ಕರ ಪಾನ ಕೊಡು. ಅದಲ್ಲ, ರಿಂಗಿಂದು!” ಎಂದು ನನ್ನನ್ನು ಗದರುತ್ತಿದ್ದಳು.

ಒಂದು ಕೆಲಸವನ್ನು ಮಾತ್ರ ಮುಂದೂಡುತ್ತಲೇ ಬಂದಳು. ಹಿಂದಿನ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಎಂಬ ಗುಂಡು, ಅದರೊಳಗಿನ ಹಲ್ಲುಚಕ್ರಗಳೇ ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವುದು. ಅವನ್ನು ಬೆಸುಗೆ ಹಾಕಿ ಒಂದು ಮಾಡಿದರೆ ಎರಡೂ ಚಕ್ರ ಒಟ್ಟಿಗೇ ತಿರುಗಿ ಕಾರು ಚೆನ್ನಾಗಿ ಜಾರುತ್ತದೆ. ಆದರೆ ಪೇಟೆಯ ರಸ್ತೆಯಲ್ಲಿ ಪ್ರತಿ ತಿರುವಿಗೂ ಕುಂಟುತ್ತದೆ. “ಇದು ಮಾಡಿದ್ಮೇಲೆ ಹಿಂದಕ್ಕಿಲ್ಲ. ಅಪ್ಪ ಇದ್ದಿದ್ರೆ ಬೈತಿದ್ರು,” ಎಂದು ಗುಂಡನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಶೆಡ್ಡಿನಲ್ಲಿ ಬಿದ್ದಿದ್ದ ಅಣ್ಣನ ಹಳೆಯ ವೆಲ್ಡಿಂಗ್ ಮೆಷಿನ್ನಿನಿಂದ ತಾನೇ ಬೆಸುಗೆ ಹಾಕಿದಳು.

ಅಂದು ಅಣ್ಣ ಊಟದ ಡಬ್ಬಿ ಮರೆತು ಹಿಂದಕ್ಕೆ ಬಂದ. ಬೆಳಕು ನೋಡಿ ಶೆಡ್ಡಿಗೇ ಬಂದ. ಅವನು ಬಗ್ಗಿ ಬೆಸುಗೆ ನೋಡಿದ. “ಕರೆಂಟ್ ಜಾಸ್ತಿ ಇಟ್ಟಿದೀಯ. ತೂತು ಬೀಳ್ತದೆ,” ಎಂದ. ಬಾಗಿಲ ತನಕ ಹೋಗಿ ತಿರುಗಿ ನಿಂತ. “ಶೆಡ್ ಒಳಗೆ ಎಂತ ಬೇಕಾದ್ರೂ ಮಾಡ್ಕೋ. ಹೊರಗೆ ಮಾತ್ರ ಬ್ಯಾಡ. ಅಮ್ಮಂಗೆ ಇನ್ನೊಂದ್ಸಲ ತಡ್ಕಳಾಕಾಗಲ್ಲ.”

ಅವನು ಬೈದಿದ್ದರೆ ಅತ್ತಿಗೆ ಎದುರಾಡುತ್ತಿದ್ದಳೇನೋ. ಪ್ರೀತಿಯಿಂದ ಹೇಳಿದ್ದಕ್ಕೆ ಎದುರಾಡುವುದು ಹೇಗೆ?

ಕಾರು ಸಜ್ಜಾಯಿತು. ಸಜ್ಜಾಗಿ ಅಲ್ಲೇ ನಿಂತಿತು. ಶನಿವಾರ ಬಂದರೆ ಅತ್ತಿಗೆ ಹಿಂಭಾಗವನ್ನು ದಿಮ್ಮಿಗಳ ಮೇಲೆ ಏರಿಸಿ, ಎಂಜಿನ್ ಹಾಕಿ, ಒಳಗೆ ಕೂರುತ್ತಿದ್ದಳು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಕಣ್ಣು ಮುಚ್ಚಿ ಸ್ಟೇರಿಂಗ್ ಎಡಕ್ಕೆಳೆದು, ಹ್ಯಾಂಡ್‌ಬ್ರೇಕ್ ಕಿತ್ತು, ಮತ್ತೆ ಬಲಕ್ಕೆ ತಿರುಗಿಸುತ್ತಿದ್ದಳು. ಎದುರಿಗೆ ಎರಡಡಿ ದೂರದಲ್ಲಿ ಶೆಡ್ಡಿನ ಗೋಡೆ. ಜಗಲಿಯಿಂದ ಅಮ್ಮ ಕೂಗುತ್ತಿದ್ದಳು: “ಎಂತಾ ಇಷ್ಟೊತ್ತು? ಸಾಕು ಬಾರೇ.” ಅತ್ತಿಗೆ ಕೀಲಿ ತಿರುಗಿಸಿ ಆಫ್ ಮಾಡುತ್ತಿದ್ದಳು. ಇಳಿಯುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ...

ಆ ಬೇಸಿಗೆಯಲ್ಲಿ ಸಾಗರದ ಕಡೆಯ ಹುಡುಗನೊಬ್ಬನ ಜೊತೆ ನನ್ನ ಮದುವೆ ಗೊತ್ತಾಯಿತು. ಅದರ ಮರುವಾರ ಅಮ್ಮ ತನ್ನ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಹುಂಚಕ್ಕೆ ಎರಡು ದಿನ ಹೋದಳು. ಅಣ್ಣ ಕಬ್ಬಿಣ ತರಲು ಶಿವಮೊಗ್ಗಕ್ಕೆ ಹೊರಟ. ನಾನು ಗೇಟು ಸಾಗಿಸುವ ಲಾರಿಯವನಿಗೆ ಫೋನು ಮಾಡಿದೆ. ಅಣೆಕಟ್ಟಿನ ಹಿನ್ನೀರು ಇಳಿದು ಹೊನ್ನೆಮರಡಿನ ಕಡೆ ಮೈಲಿಗಟ್ಟಲೆ ಒಣ ಬಯಲು ಬಿದ್ದಿತ್ತು.

“ಬ್ಯಾಡ ಮಾರಾಯ್ತಿ. ನಾನು ಮಾತು ಕೊಟ್ಟೀನಿ,” ಎಂದಳು ಅತ್ತಿಗೆ.

“ಮಾತು ಕೊಟ್ಟಿದ್ದು ನೀವು. ಲಾರಿ ಕರ್ಸಿದ್ದು ನಾನು. ಯಾರಾದ್ರೂ ಕೇಳಿದ್ರೆ ನಾನು ಹೇಳ್ಕಳ್ತೀನಿ, ಬನ್ನಿ.”

ಆ ಬಯಲಿನಲ್ಲಿ ಕಳೆದದ್ದು ಅರ್ಧ ಗಂಟೆ ಇರಬಹುದು. ನಾನು ಪಕ್ಕದಲ್ಲಿ ಕೂತಿದ್ದೆ. ಮೊದಲ ಸುತ್ತಿಗೆ ಕಾರು ಗಿರ್ರನೆ ತಿರುಗಿ ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯ ಸಲ ಅತ್ತಿಗೆ ಸೆರಗು ಸೊಂಟಕ್ಕೆ ಬಿಗಿದು ಹೊರಟಳು. ಹಿಂಭಾಗ ಹಗುರಾಯಿತು, ಹೊರಕ್ಕೆ ಸರಿಯಿತು, ಅದೇ ಓರೆಯಲ್ಲಿ ಉಳಿಯಿತು. ಕಿಟಕಿಯ ಗಾಜಿನಲ್ಲಿ ಮುಂದಿನ ದಾರಿ ಕಾಣುತ್ತಿತ್ತು. ನಾವು ಅಡ್ಡಡ್ಡ ಹೋಗುತ್ತಿದ್ದೆವು, ಕೆಮ್ಮಣ್ಣಿನ ದೂಳು ಗೋಡೆಯಂತೆ ಎದ್ದಿತ್ತು, ನಾನು ಕಿರುಚುತ್ತಾ ನಗುತ್ತಿದ್ದೆ. ಅತ್ತಿಗೆ ನಗಲಿಲ್ಲ. ತುಟಿ ಕಚ್ಚಿಕೊಂಡು, ಬಹಳ ದಿನದ ಮೇಲೆ ತನ್ನ ಕೆಲಸಕ್ಕೆ ಮರಳಿದವಳಂತೆ ಇದ್ದಳು.

ದೂರದಲ್ಲಿ ನೀರಾಟಕ್ಕೆ ಬಂದಿದ್ದ ಯಾರೋ ಫೋನು ಹಿಡಿದಿದ್ದನ್ನು ನಾವು ನೋಡಲಿಲ್ಲ.

ಎರಡನೇ ದಿನ ಅಮ್ಮ ಹುಂಚದಿಂದ ಬಂದಳು. ಅಲ್ಲಿ ನೆಂಟರೊಬ್ಬರು ಆ ವಿಡಿಯೋ ತೋರಿಸಿದ್ದರು. ಅಮ್ಮ ಕೂಗಾಡಲಿಲ್ಲ. ಬಟ್ಟೆಯ ಚೀಲ ಕೆಳಗಿಡದೆ, ಅಂಗಳದಲ್ಲೇ ನಿಂತು ಕೇಳಿದಳು: “ಯಾರು ಹೊರಗೆ ತೆಗ್ದಿದ್ದು?”

ಅಣ್ಣ ನನ್ನ ಮುಖ ನೋಡಿದ. ಸಾಗರದವರಿಗೆ ಸುದ್ದಿ ಹೋದರೆ, ಮದುವೆ ನಿಂತರೆ, ನಾನೂ ಈ ಅಂಗಳದಲ್ಲೇ... ಅಷ್ಟು ಯೋಚನೆ ಬರುವಷ್ಟರಲ್ಲಿ ಅತ್ತಿಗೆ ಹೇಳಿಯಾಗಿತ್ತು.

“ನಾನೇ ಅತ್ತೆ. ತಪ್ಪಾಯ್ತು.”

ಅಮ್ಮ ಮೂರು ದಿನ ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ಅಣ್ಣ ಶೆಡ್ಡಿನ ಬಾಯಿಗೆ ಅಳತೆ ಹಿಡಿದ. ಆ ಪೇಟೆಯಲ್ಲಿ ಎಷ್ಟೋ ಮನೆಗಳಿಗೆ ಗ್ರಿಲ್ ಮಾಡಿದವನು ತನ್ನ ಹಿತ್ತಲಿಗೂ ಒಂದು ಮಾಡಿದ. ಅವನು ಬೆಸುಗೆ ಹಾಕುವಾಗ ಸರಳು ಅಲುಗದಂತೆ ನೆಟ್ಟಗೆ ಹಿಡಿದುಕೊಂಡಿದ್ದವಳು ಅತ್ತಿಗೆಯೇ. ಕೆಲಸ ಮುಗಿದ ಮೇಲೆ ಬೀಗ ಬಿತ್ತು. ಶನಿವಾರದ ಸ್ಟಾರ್ಟೂ ನಿಂತಿತು.

ನಾನು ಮದುವೆಯಾಗಿ ಸಾಗರಕ್ಕೆ ಬಂದೆ. ಗಂಡನೇ ಡ್ರೈವಿಂಗ್ ಕಲಿಸಿದ. ತವರಿಗೆ ಹೋದಾಗ ಕಾರನ್ನು ಗೇಟಿನ ಹೊರಗೇ ನಿಲ್ಲಿಸುತ್ತಿದ್ದೆ. ಅತ್ತಿಗೆ ಗೇಟಿನವರೆಗೆ ಬಂದು, “ಸೆಕೆಂಡಿಗೆ ಹಾಕೋವಾಗ ಸದ್ದು ಬರ್ತದಲ್ಲ, ಕ್ಲಚ್ ತೋರ್ಸು,” ಎನ್ನುತ್ತಿದ್ದಳು. ಕಾರು ಮುಟ್ಟುತ್ತಿರಲಿಲ್ಲ. ಪ್ರತಿ ಸಲವೂ ಇವತ್ತು ಅಮ್ಮನ ಮುಂದೆ ಹೇಳಿಬಿಡಬೇಕು ಎಂದುಕೊಂಡು ಹೋಗುತ್ತಿದ್ದೆ, ಕಾಫಿ ಕುಡಿದು ವಾಪಸ್ಸು ಬರುತ್ತಿದ್ದೆ.

ಮೂರು ವರ್ಷದ ಹಿಂದೆ ಅತ್ತಿಗೆಗೆ ಕಾಯಿಲೆ ಬಂತು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು, “ಅತ್ತಿಗೆ, ಅವತ್ತು ನಾನು...” ಎಂದು ಶುರುಮಾಡಿದೆ. ಅವಳು ಮುಂದೆ ಹೋಗಲು ಬಿಡಲಿಲ್ಲ. “ಮೊದಲ ಎರಡು ಸುತ್ತು ಕೆಟ್ಟಿದ್ದು ಎಂತಕ್ಕೆ ಗೊತ್ತಾ? ಹ್ಯಾಂಡ್‌ಬ್ರೇಕ್ ಬೇಗ ಎಳ್ದೆ. ಗೋಡೆ ಎದುರು ಕೂತು ಕಲ್ತಿದ್ದಲ್ವಾ, ಬಯಲಿನ ಅಂದಾಜೇ ಸಿಗಲಿಲ್ಲ.”

ಅವಳ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ, ಅಮ್ಮ ಒಬ್ಬಳೇ ಇದ್ದಾಗ ಹೋಗಿ ಕೂತೆ. ಲಾರಿ ಕರೆಸಿದ್ದು ನಾನು ಎಂದೆ. ಅಮ್ಮ ತಲೆಯೆತ್ತಲಿಲ್ಲ.

“ಗೊತ್ತಿತ್ತು. ಆ ವಿಡಿಯೋದಾಗೆ ನಿನ್ನ ನಗು ಕೇಳ್ತಿತ್ತು.”

“ಮತ್ತೆ ಯಾಕಮ್ಮ...”

“ನಿನ್ನ ಮದ್ವೆ ಗೊತ್ತಾಗಿತ್ತು. ಅವ್ಳು ತನ್ನ ಮೇಲೆ ಹಾಕ್ಕಂಡ್ಲು. ನಾನೂ ಅವ್ಳ ಮೇಲೇ ಬಿಟ್ಟೆ.”

ಅಮ್ಮನ ಮಂಡಿ ಈಗ ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ. ತಿಂಗಳಿಗೊಮ್ಮೆ ನಾನೇ ಹೊಸನಗರದಿಂದ ಸಾಗರದ ಆಸ್ಪತ್ರೆಗೆ ಕರೆತರುತ್ತೇನೆ. ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಮೊದಮೊದಲು ತಿರುವು ಬಂದರೆ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಈಗ ಅದೂ ಇಲ್ಲ. ಮೊನ್ನೆ ಒಂದು ಗುಂಡಿ ತಪ್ಪಿಸಲು ಹೋಗಿ ಕಾರು ಜೋರಾಗಿ ಕುಲುಕಿತು. ಅಮ್ಮ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, ರಸ್ತೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು:

“ಅವ್ಳು ಓಡ್ಸಿದ್ರೆ ಹಿಂಗೆ ಎತ್ತಾಕ್ತಿರ್ಲಿಲ್ಲ.”